ಒಂದೇ ಸ್ಪೀಕರಿಗೆ ಎರಡು ಆಂಪ್: ಮೂರು ಸಲ ಜೋಡಿಸಿ ನೋಡಿದ ಮೇಲೆ

ನನ್ನ ಸ್ಪೀಕರಿನ ಬೆನ್ನಿಗೆ ನಾಲ್ಕು ತಿರುಪುಗಳಿವೆ. ಮೇಲೆ ಒಂದು ಜೊತೆ, ಕೆಳಗೆ ಒಂದು ಜೊತೆ. ಮೇಲಿನ ಕೆಂಪು ತಿರುಪಿಗೂ ಕೆಳಗಿನ ಕೆಂಪಿಗೂ ಸೇರಿಸಿ ಒಂದು ಪುಟ್ಟ ಹಿತ್ತಾಳೆ ಪಟ್ಟಿ. ಕಪ್ಪಿಗೂ ಕಪ್ಪಿಗೂ ಇನ್ನೊಂದು. ಏಳು ವರ್ಷ ಆ ಪಟ್ಟಿಗಳನ್ನು ನಾನು ಮುಟ್ಟಿರಲಿಲ್ಲ. ಒಂದು ಆಂಪ್ಲಿಫೈಯರ್, ಒಂದು ಜೊತೆ ವೈರ್, ಅಷ್ಟೇ. ಆದರೆ ಧೂಳು ಒರೆಸುವಾಗ ಆ ನಾಲ್ಕು ತಿರುಪು ಕಣ್ಣಿಗೆ ಬಿದ್ದರೆ ತಲೆಯಲ್ಲಿ ಹುಳ ಬಿಟ್ಟ ಹಾಗಾಗುತ್ತಿತ್ತು. ಮಾಡಿದವರು ಸುಮ್ನೆ ಇಟ್ಟಿರುತ್ತಾರಾ? ಎರಡು ಆಂಪ್ ಹಾಕಲಿ ಅಂತ ತಾನೇ?

ಸ್ಪೀಕರಿನ ಜೊತೆ ಬಂದಿದ್ದ ಪುಸ್ತಕ ಹುಡುಕಿ ತೆಗೆದೆ. ಎರಡು ಆಂಪ್ ಬಳಸಬಹುದು, ಧ್ವನಿ ಸುಧಾರಿಸಬಹುದು ಅಂತ ಒಂದು ಸಾಲು. ಎಂಥ ಆಂಪ್, ಎಷ್ಟು ವಾಟ್, ಸುಧಾರಿಸುವುದು ಏನು, ಒಂದೂ ಇಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಆ ಒಂದು ಸಾಲಿನ ಹಿಂದೆ ಹೋಗಿ ಎಂಟು ತಿಂಗಳಲ್ಲಿ ಎರಡು ಆಂಪ್, ಹಾಡನ್ನು ಬೇಸ್ ಟ್ರೆಬಲ್ ಅಂತ ಒಡೆಯುವ ಒಂದು ಡಿಜಿಟಲ್ ಕ್ರಾಸ್‌ಓವರ್, ಒಂದು ಅಳತೆ ಮೈಕ್ ತಂದೆ. ಇದು ಅವುಗಳ ರಿವ್ಯೂ. ಪೆಟ್ಟಿಗೆಗಳ ಹೆಸರು ಹಾಕಿಲ್ಲ. ನಾನು ಹೇಳಹೊರಟಿರುವುದು ಪೆಟ್ಟಿಗೆಯ ಗುಣಕ್ಕಿಂತ ಜಾಸ್ತಿ ಜೋಡಿಸುವ ರೀತಿಗೆ ಸೇರಿದ್ದು. ಯಾರು ಮಾಡಿದ ಆಂಪ್ ಆದರೂ ಲೆಕ್ಕ ಇದೇ.

ಮೊದಲು ಮನೆಯಲ್ಲಿ ಇದ್ದದ್ದು ಏನು ಅಂತ ಹೇಳಿಬಿಡುತ್ತೇನೆ. ನೆಲದ ಮೇಲೆ ನಿಲ್ಲುವ ಟೂ-ವೇ ಸ್ಪೀಕರ್, ಒಂದೊಂದರಲ್ಲೂ ಬೇಸಿಗೆ ಆರೂವರೆ ಇಂಚಿನ ಎರಡು ವೂಫರ್, ಟ್ರೆಬಲಿಗೆ ಒಂದು ಇಂಚಿನ ಒಂದು ಟ್ವೀಟರ್. 8 ಓಮ್. ಸೆನ್ಸಿಟಿವಿಟಿ 88 ಡೆಸಿಬಲ್. ಅಂದರೆ 2.83 ವೋಲ್ಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 88 ಡೆಸಿಬಲ್ ಸದ್ದು. 8 ಓಮಿಗೆ 2.83 ವೋಲ್ಟ್ ಅಂದರೆ ಸರಿಯಾಗಿ 1 ವಾಟ್. ವಾಲ್ಯೂಮ್ ತಿರುಗಿಸಲು ಒಂದು ಪ್ರೀ-ಆಂಪ್, ಸ್ಪೀಕರ್ ಓಡಿಸಲು ಒಂದು 100 ವಾಟಿನ ಪವರ್ ಆಂಪ್. ಕೋಣೆ ನಾಲ್ಕು ಮೀಟರಿಗೆ ಐದು ಮೀಟರ್. ನಾನು ಕೂರುವುದು ಸ್ಪೀಕರಿನಿಂದ ಮೂರು ಮೀಟರ್ ದೂರ.

ಮೊದಲ ಸಲ ತಂದದ್ದು 25 ವಾಟಿನ ಕ್ಲಾಸ್ ಎ ಆಂಪ್. ದೊಡ್ಡ ಆಂಪ್ ವೂಫರಿಗೆ, ಸಣ್ಣದು ಟ್ವೀಟರಿಗೆ. ಈ ಹವ್ಯಾಸದಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು ಇದು: ಕೆಳಗೆ ದೈತ್ಯ, ಮೇಲೆ ನಾಜೂಕು. ಟ್ವೀಟರ್ ಎಳೆಯುವ ಕರೆಂಟ್ ಕಡಿಮೆ, ಅದಕ್ಕೆ 25 ವಾಟ್ ಧಾರಾಳವಾಗಿ ಸಾಕು ಅಂತ ನಾನೂ ನಂಬಿದ್ದೆ. ಆಂಪ್ ನೋಡಲು ಚೆಂದ. ಬೆನ್ನಿನ ಅಲ್ಯುಮಿನಿಯಂ ರೆಕ್ಕೆಗಳನ್ನು ಅರ್ಧ ಗಂಟೆ ಬಿಟ್ಟು ಮುಟ್ಟಿದರೆ ಕೈ ಚುರ್ ಎನ್ನುತ್ತದೆ. ಹಾಡು ಹಾಕಿದರೂ ಹಾಕದಿದ್ದರೂ 130 ವಾಟ್ ಎಳೆಯುತ್ತದೆ, ಮೀಟರ್ ಸಿಕ್ಕಿಸಿ ನೋಡಿದ್ದೇನೆ. ಕ್ಲಾಸ್ ಎ ಅಂದರೆ ಹಾಗೇ. ಕೆಲಸ ಇಲ್ಲದಿದ್ದರೂ ಪೂರ್ತಿ ಸಂಬಳ.

ಪ್ರೀ-ಆಂಪಿನ ಔಟ್‌ಪುಟ್ಟಿಗೆ ವೈ ಆಕಾರದ ಕೇಬಲ್ ಹಾಕಿ ಎರಡೂ ಆಂಪಿಗೆ ಸಿಗ್ನಲ್ ಹಂಚಿದೆ. ಇಲ್ಲಿ ಒಂದು ವಿಷಯ ನೋಡಿಕೊಳ್ಳಬೇಕು. ಎರಡು ಆಂಪಿನ ಇನ್‌ಪುಟ್ ಇಂಪೀಡೆನ್ಸ್, ಅಂದರೆ ಸಿಗ್ನಲಿಗೆ ಒಡ್ಡುವ ತಡೆ, ಪ್ಯಾರಲಲ್ ಆಗುತ್ತದೆ. ನನ್ನದರಲ್ಲಿ ಒಂದು 47 ಕಿಲೋ ಓಮ್, ಇನ್ನೊಂದು 22. ಸೇರಿದರೆ 15. ನನ್ನ ಪ್ರೀ-ಆಂಪಿನ ಔಟ್‌ಪುಟ್ 200 ಓಮ್, ಹಾಗಾಗಿ ತೊಂದರೆಯಿಲ್ಲ. ಕೆಲವು ವಾಲ್ವ್ ಪ್ರೀ-ಆಂಪ್‌ಗಳಿಗೆ ಇದು ಭಾರವಾಗಬಹುದು.

ಇನ್ನು ಪಟ್ಟಿ ಬಿಚ್ಚುವ ಕೆಲಸ. ಸಹಾಯಕ್ಕೆ ನನ್ನ ತಮ್ಮ ಬಂದಿದ್ದ. ಬಲಗಡೆ ಸ್ಪೀಕರಿನ ಎರಡೂ ಪಟ್ಟಿ ಬಿಚ್ಚಿದೆ. ಎಡಗಡೆಯದರ ಕಪ್ಪು ಪಟ್ಟಿ ಬಿಚ್ಚಿದೆ. ಅಷ್ಟರಲ್ಲಿ ಅವನು ಏನೋ ಕೇಳಿದ, ನಾನು ಏನೋ ಹೇಳಿದೆ, ಕೆಂಪು ಪಟ್ಟಿ ಹಾಗೇ ಉಳಿಯಿತು. ವೈರ್ ಸಿಕ್ಕಿಸಿ, ಸ್ವಿಚ್ ಹಾಕಿ, ವಾಲ್ಯೂಮ್ ಸ್ವಲ್ಪ ಏರಿಸಿದೆ. ಟಕ್ ಅಂತ ಸದ್ದು. ದೊಡ್ಡ ಆಂಪಿನ ಹಸಿರು ದೀಪ ಕೆಂಪಾಯಿತು.

"ಅಕ್ಕಾ, ಏನೋ ಆಯ್ತು," ಅಂದ. ಅದು ನನಗೂ ಕಾಣಿಸುತ್ತಿತ್ತು.

ಆ ಪಟ್ಟಿ ಇದ್ದರೆ ಎರಡು ಆಂಪಿನ ಔಟ್‌ಪುಟ್‌ಗಳು ಒಂದಕ್ಕೊಂದು ನೇರವಾಗಿ ಸೇರಿಬಿಡುತ್ತವೆ. ಆಂಪಿನ ಔಟ್‌ಪುಟ್ ಇಂಪೀಡೆನ್ಸ್ ಒಂದು ಓಮಿನ ನೂರನೇ ಒಂದೆರಡು ಪಾಲು ಇದ್ದರೆ ಹೆಚ್ಚು. ಎರಡರ ನಡುವೆ ಅರ್ಧ ವೋಲ್ಟ್ ವ್ಯತ್ಯಾಸ ಇದ್ದರೂ ಹತ್ತಾರು ಆಂಪಿಯರ್ ಕರೆಂಟ್ ಹರಿಯಲು ನೋಡುತ್ತದೆ. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು. ಪ್ರೊಟೆಕ್ಷನ್ ರಿಲೇ ಇದ್ದದ್ದಕ್ಕೆ ಆಂಪ್ ಉಳಿಯಿತು. ಎಲ್ಲ ಆಂಪಿಗೂ ಆ ರಿಲೇ ಇರುವುದಿಲ್ಲ. ಈಗ ಸ್ವಿಚ್ ಹಾಕುವ ಮುಂಚೆ ನಾನು ಮಲ್ಟಿಮೀಟರ್ ಇಟ್ಟು ನೋಡುತ್ತೇನೆ. ಆಂಪಿನ ವೈರುಗಳನ್ನು ಇನ್ನೂ ಸಿಕ್ಕಿಸದೆ ಇರುವಾಗ ಮೇಲಿನ ಕೆಂಪಿಗೂ ಕೆಳಗಿನ ಕೆಂಪಿಗೂ ನಡುವೆ ಬೀಪ್ ಬರಬಾರದು. ಕಪ್ಪಿಗೂ ಹಾಗೇ. ಹತ್ತು ಸೆಕೆಂಡಿನ ಕೆಲಸ.

ಸರಿಯಾಗಿ ಜೋಡಿಸಿದ ಮೇಲೆ ಕೇಳಿದೆ. ಆಹಾ. ಒರಟು ಹೋಗಿತ್ತು. ಹಾಡುವವರ ಧ್ವನಿ ಮೃದುವಾಗಿತ್ತು, ಪಿಟೀಲಿನ ಚೂಪು ಇಳಿದಿತ್ತು. ಇದೇ ಕ್ಲಾಸ್ ಎ ಮಾಧುರ್ಯ ಅಂತ ಹದಿನೈದು ದಿನ ಖುಷಿಯಲ್ಲಿ ತೇಲಿದೆ. ಗೊತ್ತಿದ್ದವರಿಗೆಲ್ಲ ಹೇಳಿದೆ. ಆಮೇಲೆ ಒಂದು ರಾತ್ರಿ ನಿದ್ದೆ ಬರದೆ ಎರಡೂ ಆಂಪಿನ ಪುಸ್ತಕ ಓದುತ್ತಾ ಕೂತೆ. ದೊಡ್ಡದರ ಗೇನ್, ಅಂದರೆ ಸಿಗ್ನಲನ್ನು ದೊಡ್ಡದು ಮಾಡುವ ಪ್ರಮಾಣ, 29 ಡೆಸಿಬಲ್. ಸಣ್ಣದರದ್ದು 26.

ಬೆಳಿಗ್ಗೆ ಎದ್ದವಳೇ 100 ಹರ್ಟ್ಸಿನ ಒಂದು ಟೋನ್ ಹಾಕಿ ಎರಡೂ ಆಂಪಿನ ಔಟ್‌ಪುಟ್ ಅಳೆದೆ. 100 ಹರ್ಟ್ಸ್ ಯಾಕೆ ಅಂದರೆ ಸಾಧಾರಣ ಮಲ್ಟಿಮೀಟರ್‌ಗಳು ಒಂದು ಸಾವಿರ ಹರ್ಟ್ಸಿನಲ್ಲಿ ತಪ್ಪು ತೋರಿಸಬಹುದು, 100ರಲ್ಲಿ ನಂಬಬಹುದು. ದೊಡ್ಡದು 2.00 ವೋಲ್ಟ್. ಸಣ್ಣದು 1.42. ಅದು ಮೂರು ಡೆಸಿಬಲ್ ಕಡಿಮೆ. ಅಂದರೆ ಟ್ವೀಟರಿಗೆ ಹೋಗುವ ಪವರ್ ಅರ್ಧ. ನನ್ನ ಮಾಧುರ್ಯ ಅಂದರೆ ಇಷ್ಟೇ: ಯಾರೋ ಬಂದು ಟ್ರೆಬಲ್ ತಿರುಗಣೆ ಇಳಿಸಿ ಹೋಗಿದ್ದರು. ಆ ಯಾರೋ ನಾನೇ. ಅದೇ ಕೆಲಸವನ್ನು ಪ್ರೀ-ಆಂಪಿನ ಟೋನ್ ಕಂಟ್ರೋಲ್ ಪುಕ್ಕಟೆಯಾಗಿ ಮಾಡುತ್ತಿತ್ತು.

ದೊಡ್ಡ ಆಂಪಿನ ಹಿಂದೆ ಇನ್‌ಪುಟ್ ಲೆವೆಲ್ ತಿರುಗಿಸುವ ಸೌಲಭ್ಯ ಇತ್ತು. ಎರಡೂ 1.42 ತೋರಿಸುವ ತನಕ ಇಳಿಸಿದೆ. ಮಾಧುರ್ಯ ಮಾಯ. ಹಳೇ ಸ್ಪೀಕರ್ ಹಳೇ ಧ್ವನಿಯಲ್ಲಿ ಹಾಡತೊಡಗಿತು.

ಅಷ್ಟೇ ಆಗಿದ್ದರೆ ಹೋಗಲಿ ಅನ್ನಬಹುದಿತ್ತು. ಇನ್ನೂ ಒಂದು ಕಾಟ ಶುರುವಾಯಿತು. ಜೋರಾಗಿ ಕೇಳುವಾಗ, ಮೃದಂಗದ ಎಡಭಾಗಕ್ಕೆ ಪೆಟ್ಟು ಬಿದ್ದಾಗಲೆಲ್ಲ ಹಾಡುವವರ ಸ್ವರ ಒಡೆಯುತ್ತಿತ್ತು. ಪೆಟ್ಟು ಬೀಳುವುದು ಬೇಸಿನಲ್ಲಿ, ಒಡೆಯುವುದು ಮೇಲಿನ ಸ್ವರ. ವಿಚಿತ್ರ ಅಲ್ವಾ? ಟ್ವೀಟರಿಗೆ ಬೇಸ್ ಹೋಗುವುದೇ ಇಲ್ಲವಲ್ಲ, ಅದರ ಆಂಪಿಗೆ ಏನು ಕಷ್ಟ?

ಈ ಪ್ರಶ್ನೆಗೆ ಉತ್ತರ ಸಿಕ್ಕಮೇಲೆ ಇಡೀ ವಿಷಯವೇ ನನಗೆ ಬೇರೆಯಾಗಿ ಕಾಣಿಸಿತು. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ.

ಸ್ಪೀಕರಿನ ಒಳಗೆ ಒಂದು ಕ್ರಾಸ್‌ಓವರ್ ಬೋರ್ಡ್ ಇರುತ್ತದೆ. ಕಾಯಿಲ್‌ಗಳ ದಾರಿ ವೂಫರಿಗೆ, ಕೆಪಾಸಿಟರ್‌ಗಳ ದಾರಿ ಟ್ವೀಟರಿಗೆ. ಹಿತ್ತಾಳೆ ಪಟ್ಟಿ ಬಿಚ್ಚಿದರೆ ಈ ಎರಡು ದಾರಿ ಬೇರೆಯಾಗುತ್ತವೆ, ಅಷ್ಟೇ. ಬೇಸ್ ಮತ್ತು ಟ್ರೆಬಲ್ ಬೇರೆಯಾಗುವುದು ಆಂಪ್ ದಾಟಿದ ಮೇಲೆ, ಸ್ಪೀಕರಿನ ಒಳಗೆ. ಆಂಪಿನ ಒಳಗೆ ಮಾತ್ರ ಎರಡಕ್ಕೂ ಪೂರ್ತಿ ಹಾಡೇ ಬರುತ್ತದೆ. ಟ್ವೀಟರಿನ ಆಂಪ್ ಬೇಸಿಗೆ ಕರೆಂಟ್ ಕೊಡಬೇಕಾಗಿಲ್ಲ, ನಿಜ. ಆದರೆ ಬೇಸಿನ ವೋಲ್ಟೇಜನ್ನು ತನ್ನ ಔಟ್‌ಪುಟ್ಟಿನಲ್ಲಿ ಎತ್ತಲೇಬೇಕು. 8 ಓಮಿಗೆ 25 ವಾಟ್ ಅಂದರೆ 14.1 ವೋಲ್ಟ್, ತುದಿಯಲ್ಲಿ 20 ವೋಲ್ಟ್. 100 ವಾಟ್ ಅಂದರೆ 28.3 ವೋಲ್ಟ್, ತುದಿಯಲ್ಲಿ 40. ಮೃದಂಗದ ಪೆಟ್ಟು 30 ವೋಲ್ಟ್ ಕೇಳಿದರೆ ದೊಡ್ಡ ಆಂಪ್ ಕೊಡುತ್ತದೆ. ಸಣ್ಣದಕ್ಕೆ 20ರ ಹತ್ತಿರ ತಲೆ ಸೂರಿಗೆ ಬಡಿಯುತ್ತದೆ. ಅಲೆಯ ತಲೆ ಚಪ್ಪಟೆಯಾಗುತ್ತದೆ. ಆ ಅಲೆಯ ಮೇಲೆ ಸವಾರಿ ಮಾಡುತ್ತಿದ್ದ ಸಣ್ಣ ಸಣ್ಣ ಟ್ರೆಬಲ್ ಅಲೆಗಳೂ ಅಲ್ಲೇ ಕತ್ತರಿಸಿ ಹೋಗುತ್ತವೆ. ಕತ್ತರಿಸಿದಾಗ ಹುಟ್ಟುವ ಕಸ ಮಾತ್ರ ಎತ್ತರದ ಫ್ರೀಕ್ವೆನ್ಸಿಯದು. ಅದು ಕೆಪಾಸಿಟರ್ ದಾಟಿ ನೇರ ಟ್ವೀಟರಿಗೆ ಹೋಗುತ್ತದೆ. ಕೈಯಲ್ಲಿ ಹಿಡಿಯುವ ಪುಟ್ಟ ಆಸಿಲೋಸ್ಕೋಪ್ ಒಂದು ನನ್ನ ಹತ್ತಿರ ಇದೆ. ಹಚ್ಚಿ ನೋಡಿದೆ. ತಲೆ ಬೋಳಿಸಿದ ಹಾಗೆ ಚಪ್ಪಟೆ.

ಅಂದರೆ 100 ವಾಟಿನ ಜೊತೆಗೆ 25 ವಾಟ್ ಸೇರಿಸಿ ನಾನು ಪಡೆದದ್ದು 125 ವಾಟ್ ಅಲ್ಲ. ನನ್ನ ಸ್ಪೀಕರ್ ಈಗ 25 ವಾಟಿನ ಸ್ಪೀಕರ್ ಆಗಿತ್ತು. ಮೊದಲ ಜೋಡಣೆಗೆ ಐದರಲ್ಲಿ ಒಂದು ಅಂಕ. ಆ ಒಂದು ಅಂಕವೂ ಅಲ್ಯುಮಿನಿಯಂ ರೆಕ್ಕೆಯ ಅಂದಕ್ಕೆ.

ಇಷ್ಟಕ್ಕೆ ಬಿಡಬೇಕಿತ್ತು. ನಾನು ಬಿಡುವವಳಲ್ಲ. ಸಣ್ಣ ಆಂಪನ್ನು ಪಕ್ಕಕ್ಕಿಟ್ಟು, ದೊಡ್ಡ ಆಂಪಿನದೇ ಜೋಡಿ, ಅದೇ ಮಾದರಿಯ ಇನ್ನೊಂದು 100 ವಾಟಿನದು ತಂದೆ. ಈಗ ಗೇನ್ ಒಂದೇ, ಸೂರಿನ ಎತ್ತರವೂ ಒಂದೇ. ಒಂದೇ ಮಾದರಿಯ ಎರಡು ಆಂಪ್ ಇದ್ದರೆ ಇನ್ನೊಂದು ಅನುಕೂಲವೂ ಇದೆ. ಒಂದೊಂದು ಸ್ಪೀಕರಿಗೆ ಒಂದೊಂದು ಆಂಪ್ ಇಡಬಹುದು. ಅದರ ಎಡ ಚಾನೆಲ್ ವೂಫರಿಗೆ, ಬಲ ಚಾನೆಲ್ ಟ್ವೀಟರಿಗೆ. ಇದಕ್ಕೆ ವರ್ಟಿಕಲ್ ಅನ್ನುತ್ತಾರೆ. ಆಂಪನ್ನು ಸ್ಪೀಕರಿನ ಪಕ್ಕದಲ್ಲೇ ಇಟ್ಟು ವೈರ್ ಮೊಟಕು ಮಾಡಬಹುದು, ಎಡ ಬಲ ಒಂದರೊಳಗೊಂದು ಬೆರೆಯುವುದಿಲ್ಲ. ಬೇರೆ ಬೇರೆ ಆಂಪ್ ಇದ್ದರೆ ಹೀಗೆ ಮಾಡುವಂತಿಲ್ಲ. ಆಗ ಒಂದು ಆಂಪ್ ಎರಡೂ ವೂಫರಿಗೆ, ಇನ್ನೊಂದು ಎರಡೂ ಟ್ವೀಟರಿಗೆ. ಅದು ಹಾರಿಜಾಂಟಲ್.

ಧ್ವನಿ? ಚೆನ್ನಾಗಿತ್ತು. ಮೊದಲೂ ಚೆನ್ನಾಗಿಯೇ ಇತ್ತು. ಒಂದು ಸಲ ಪೆಟ್ಟು ತಿಂದ ಮೇಲೆ ನನ್ನ ಕಿವಿಯನ್ನು ನಾನೇ ನಂಬುತ್ತಿರಲಿಲ್ಲ. ತಮ್ಮನನ್ನು ಮತ್ತೆ ಕರೆದೆ. ನಾನು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೂರುವುದು. ಅವನು ನಾಣ್ಯ ಚಿಮ್ಮಿ ಒಂದು ಆಂಪೋ ಎರಡು ಆಂಪೋ ಜೋಡಿಸುವುದು. ಪಟ್ಟಿ ಹಾಕುವ ಸದ್ದಿನಿಂದ ನಾನು ಊಹಿಸಬಾರದು ಅಂತ ಎರಡೂ ಸಲ ಬಿಚ್ಚಿ ಹಾಕಬೇಕು. ಹತ್ತು ಸಲ ಮಾಡಿದೆವು. ಆರು ಸಲ ಸರಿ ಹೇಳಿದೆ.

"ಆರು ಅಂದ್ರೆ ಪಾಸ್ ತಾನೇ ಅಕ್ಕ?" ಅಂದ.

ಪಾಸ್ ಅಲ್ಲ. ಕಣ್ಣು ಮುಚ್ಚಿ ಬಾಯಿಗೆ ಬಂದದ್ದು ಹೇಳಿದ್ದರೂ ಐದು ಸರಿಯಾಗುತ್ತಿತ್ತು. ಒಂದು ಮಾತು ಒಪ್ಪಿಕೊಳ್ಳಬೇಕು: ಒಂದೊಂದು ಬದಲಾವಣೆಗೆ ಎರಡು ನಿಮಿಷ ಹಿಡಿಯುತ್ತಿತ್ತು. ಸಣ್ಣ ವ್ಯತ್ಯಾಸವನ್ನು ಕಿವಿ ಅಷ್ಟು ಹೊತ್ತು ನೆನಪಿಟ್ಟುಕೊಳ್ಳುವುದಿಲ್ಲ. ಆದರೆ ಎರಡು ನಿಮಿಷಕ್ಕೆ ಮರೆತುಹೋಗುವ ವ್ಯತ್ಯಾಸಕ್ಕೆ ಒಂದು ಇಡೀ ಆಂಪಿನ ದುಡ್ಡು ಸುರಿಯುವುದಾ?

ಲೆಕ್ಕವೂ ಅದನ್ನೇ ಹೇಳುತ್ತದೆ. ಎರಡು ಆಂಪಿಗೂ ಸೂರು 40 ವೋಲ್ಟಿಗೇ. ಹಾಡು 41 ಕೇಳಿದರೆ ಎರಡೂ ಒಟ್ಟಿಗೆ ತಲೆ ಬಡಿಸಿಕೊಳ್ಳುತ್ತವೆ. 100ಕ್ಕೆ 100 ಸೇರಿ 200 ಆಗಲಿಲ್ಲ. ಕರೆಂಟಿನ ಭಾರ ಮಾತ್ರ ಹಂಚಿಹೋಗುತ್ತದೆ. ಸ್ಪೀಕರಿನ ಇಂಪೀಡೆನ್ಸ್ ಕೆಲವು ಕಡೆ 3 ಓಮಿಗೆ ಇಳಿಯುವಂಥದ್ದಾಗಿದ್ದು, ಆಂಪ್ ಸೊರಗುತ್ತಿದ್ದರೆ ಅದು ಉಪಯೋಗಕ್ಕೆ ಬರಬಹುದು. ನನ್ನದು ಅಂಥ ಹಟಮಾರಿ ಅಲ್ಲ. ಹೋಮ್ ಥಿಯೇಟರ್ ರಿಸೀವರ್‌ಗಳಲ್ಲಿ ಬೈ-ಆಂಪ್ ಅಂತ ಒಂದು ಆಯ್ಕೆ ಇರುತ್ತದಲ್ಲ, ಅದರಲ್ಲಿ ಇದೂ ಅರ್ಧಂಬರ್ಧ. ಬಳಸದೆ ಬಿಟ್ಟ ಹಿಂದಿನ ಚಾನೆಲ್‌ಗಳನ್ನು ಮುಂದಿನ ಸ್ಪೀಕರಿಗೆ ಕೊಡುತ್ತಾರೆ. ಚಾನೆಲ್ ಹೆಚ್ಚಾಯಿತು, ಆದರೆ ಎಲ್ಲವೂ ನೀರು ಕುಡಿಯುವುದು ಒಂದೇ ಪವರ್ ಸಪ್ಲೈಯಿಂದ. ಪುಕ್ಕಟೆ ಇದೆ ಅಂತ ಬೇಕಾದರೆ ಮಾಡಿ.

ಎರಡು ಆಂಪ್ ಬಂದ ಮೇಲೆ ಗುಂಯ್ ಅನ್ನುವ ಸದ್ದೂ ಬಂತು. ಎರಡಕ್ಕೂ ಮೂರು ಪಿನ್ನಿನ ಪ್ಲಗ್, ಎರಡೂ ಬೇರೆ ಬೇರೆ ಗೋಡೆಯಲ್ಲಿ. ಅರ್ತಿನ ದಾರಿ ಎರಡಾಗಿ, ಸಿಗ್ನಲ್ ಕೇಬಲ್ಲಿನ ಮೂಲಕ ಒಂದು ಸುತ್ತು ಪೂರ್ತಿಯಾಗುತ್ತದೆ. ಅರ್ತ್ ಪಿನ್ ಕಿತ್ತುಹಾಕಿ ಅಂತ ಸಲಹೆ ಕೊಡುವವರು ಇದ್ದಾರೆ. ಖಂಡಿತ ಬೇಡ. ಒಳಗೆ ಒಂದು ವೈರ್ ಬಿಟ್ಟುಕೊಂಡರೆ ಆ ಲೋಹದ ಡಬ್ಬವನ್ನು ಮುಟ್ಟುವುದು ನಿಮ್ಮ ಕೈ. ಎಲ್ಲ ಪ್ಲಗ್ಗನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ತಂದೆ. ಸಿಗ್ನಲ್ ಕೇಬಲ್‌ಗಳನ್ನು ಒಟ್ಟಿಗೆ ಕಟ್ಟಿ, ಕರೆಂಟಿನ ವೈರಿನಿಂದ ದೂರ ಸರಿಸಿದೆ. ನನ್ನ ಮನೆಯಲ್ಲಿ ಅಷ್ಟಕ್ಕೇ ನಿಂತಿತು. ನಿಲ್ಲದಿದ್ದರೆ ಸಿಗ್ನಲ್ ದಾರಿಯಲ್ಲಿ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಬೇಕು.

ಎರಡನೇ ಜೋಡಣೆಗೆ ಐದರಲ್ಲಿ ಎರಡು. ಕೆಡುಕಿಲ್ಲ, ಲಾಭವೂ ಇಲ್ಲ.

ಮೂರನೆಯದು ಬೇರೆಯೇ ಆಟ. ಹಾಡನ್ನು ಆಂಪಿನ ನಂತರ ಒಡೆಯುವ ಬದಲು ಮುಂಚೆಯೇ ಒಡೆಯುವುದು. ಪ್ರೀ-ಆಂಪಿಗೂ ಪವರ್ ಆಂಪಿಗೂ ನಡುವೆ ಆಕ್ಟಿವ್ ಕ್ರಾಸ್‌ಓವರ್ ಬರುತ್ತದೆ. ವೂಫರಿನ ಆಂಪಿಗೆ ಬರೀ ಬೇಸ್, ಟ್ವೀಟರಿನ ಆಂಪಿಗೆ ಬರೀ ಟ್ರೆಬಲ್. ಸ್ಪೀಕರಿನ ಒಳಗಿನ ಬೋರ್ಡ್ ಬೇಕಿಲ್ಲ. ಆಂಪಿನ ವೈರ್ ನೇರವಾಗಿ ಡ್ರೈವರಿಗೆ, ಅಂದರೆ ವೂಫರಿಗೆ, ಟ್ವೀಟರಿಗೆ.

ಇದರಿಂದ ಏನಾಗುತ್ತದೆ ಅಂತ ಒಂದು ಲೆಕ್ಕ ನೋಡಿ. ಒಂದು ಗಳಿಗೆಯಲ್ಲಿ ಬೇಸಿಗೆ 20 ವೋಲ್ಟ್, ಟ್ರೆಬಲಿಗೆ 10 ವೋಲ್ಟ್ ಬೇಕು ಅಂದುಕೊಳ್ಳಿ. ಒಂದೇ ಆಂಪ್ ಆದರೆ ಎರಡನ್ನೂ ಕೂಡಿಸಿ 30 ವೋಲ್ಟ್ ಎತ್ತಬೇಕು. 8 ಓಮಿಗೆ ಅದು 56 ವಾಟಿನ ಆಂಪ್. ಒಡೆದು ಕೊಟ್ಟರೆ ಬೇಸಿಗೆ 25 ವಾಟಿನದು, ಟ್ರೆಬಲಿಗೆ ಬರೀ 6 ವಾಟ್ ಚಿಲ್ಲರೆಯದು ಸಾಕು. ಕೂಡಿಸಿದರೆ 31, ಆದರೆ ಮಾಡುವುದು 56 ವಾಟಿನ ಕೆಲಸ. ಹಿಂದಿನ ಜೋಡಣೆಯಲ್ಲಿ ವಾಟುಗಳು ಸೇರಿದರೂ ಹೆಚ್ಚಾಗಲಿಲ್ಲ, ಇಲ್ಲಿ ಸೇರಿದ್ದಕ್ಕಿಂತ ಹೆಚ್ಚಾದವು. ಅಕಸ್ಮಾತ್ ವೂಫರಿನ ಆಂಪ್ ಸೂರಿಗೆ ಬಡಿದರೂ ಆ ಕಸ ಟ್ವೀಟರಿಗೆ ಹೋಗುವ ದಾರಿಯೇ ಇಲ್ಲ.

ನಾನು ತಂದದ್ದು ಎರಡು ಇನ್‌ಪುಟ್, ನಾಲ್ಕು ಔಟ್‌ಪುಟ್ ಇರುವ ಡಿಜಿಟಲ್ ಪೆಟ್ಟಿಗೆ. ಅಂಗೈಗಿಂತ ಸ್ವಲ್ಪ ದೊಡ್ಡದು. ಕಂಪ್ಯೂಟರಿಗೆ ಸಿಕ್ಕಿಸಿ ಫಿಲ್ಟರ್, ಲೆವೆಲ್, ತಡ ಎಲ್ಲ ಹೊಂದಿಸಬಹುದು. ಅದರಲ್ಲಿ ಲಿಂಕ್‌ವಿಟ್ಜ್-ರೈಲಿ 24 ಡೆಸಿಬಲ್ ಅನ್ನುವ ಫಿಲ್ಟರ್ ಆರಿಸಿದೆ. ಸೀಗ್‌ಫ್ರೀಡ್ ಲಿಂಕ್‌ವಿಟ್ಜ್ ಮತ್ತು ರಸ್ ರೈಲಿ ಇಬ್ಬರೂ ಹ್ಯೂಲೆಟ್-ಪ್ಯಾಕರ್ಡ್ ಕಂಪನಿಯ ಎಂಜಿನಿಯರುಗಳಾಗಿದ್ದವರು. ಈ ಬಗೆಯ ಫಿಲ್ಟರ್ ಬಗ್ಗೆ ಲಿಂಕ್‌ವಿಟ್ಜ್ ಬರೆದ ಲೇಖನ ಬಂದದ್ದು 1976ರಲ್ಲಿ. ಹೊಂದಿಸಿದ ಫ್ರೀಕ್ವೆನ್ಸಿಯಿಂದ ಒಂದು ಸ್ಥಾಯಿ ಕೆಳಗಿಳಿದರೆ ಟ್ವೀಟರಿನ ಸದ್ದು ಹತ್ತಿರ ಹತ್ತಿರ 24 ಡೆಸಿಬಲ್ ಇಳಿದಿರುತ್ತದೆ, ಒಂದು ಸ್ಥಾಯಿ ಮೇಲೆ ಹೋದರೆ ವೂಫರಿನದು. ಸರಿಯಾಗಿ ಆ ಗಡಿಯಲ್ಲಿ ಎರಡೂ 6 ಡೆಸಿಬಲ್ ಕೆಳಗೆ. ಎರಡೂ ಒಂದೇ ಹೆಜ್ಜೆಯಲ್ಲಿ ಇರುವುದರಿಂದ ಕೂಡಿದಾಗ ಗಡಿ ಸಮತಟ್ಟಾಗುತ್ತದೆ. ನನ್ನ ಗಡಿ 2200 ಹರ್ಟ್ಸ್.

ಸ್ಪೀಕರ್ ಬಿಚ್ಚುವ ದಿನ ಕೈ ನಡುಗಿತ್ತು. ಗ್ಯಾರಂಟಿ ಯಾವಾಗಲೋ ಮುಗಿದಿತ್ತು, ಆ ಭಯ ಇರಲಿಲ್ಲ. ವೂಫರ್ ತೆಗೆದು, ಒಳಗಿನ ವೈರುಗಳ ಫೋಟೋ ತೆಗೆದು, ಬೋರ್ಡಿನಿಂದ ಕಿತ್ತು, ಹಿಂದಿನ ತಿರುಪುಗಳಿಗೆ ನೇರ ಬೆಸುಗೆ ಹಾಕಿದೆ. ಕೆಳಗಿನ ಜೊತೆ ವೂಫರಿಗೆ, ಮೇಲಿನದು ಟ್ವೀಟರಿಗೆ. ಟ್ವೀಟರಿನ ದಾರಿಯಲ್ಲಿ ಮಾತ್ರ ಒಂದು 33 ಮೈಕ್ರೋಫ್ಯಾರಡ್ ಕೆಪಾಸಿಟರ್ ಉಳಿಸಿದೆ. 6 ಓಮಿನ ಟ್ವೀಟರಿಗೆ ಅದು ಸುಮಾರು 800 ಹರ್ಟ್ಸಿನ ಕೆಳಗೆ ತಡೆ. ಗಡಿಗಿಂತ ಬಹಳ ಕೆಳಗಿರುವುದರಿಂದ ಧ್ವನಿಯನ್ನು ಹೆಚ್ಚು ಮುಟ್ಟುವುದಿಲ್ಲ. ಆದರೆ ಆಂಪ್ ಆನ್ ಮಾಡಿದಾಗ ದಬ್ ಅಂದರೆ, ಆಂಪ್ ಕೆಟ್ಟು ಡಿಸಿ ಕರೆಂಟ್ ಬಂದರೆ, ಟ್ವೀಟರ್ ಉಳಿಯುತ್ತದೆ. ಆಕ್ಟಿವ್ ಜೋಡಣೆಯಲ್ಲಿ ಟ್ವೀಟರಿಗೆ ಇರುವ ಒಂದೇ ಕಾವಲು ಅದು. ವೂಫರಿನ ವೈರಿಗೆಲ್ಲ ಕೆಂಪು ಟೇಪ್, ಟ್ವೀಟರಿನದಕ್ಕೆ ಹಳದಿ. ಒಂದು ಸಲ ಅದಲು ಬದಲಾದರೆ ಸಾಕು, ಬೇಸ್ ಪೂರ್ತಿ ಟ್ವೀಟರಿನ ಮೇಲೆ ಎರಗುತ್ತದೆ.

ಜೋಡಿಸಿ ಹಾಡು ಹಾಕಿದೆ. ಕೆಟ್ಟದಾಗಿತ್ತು. ಸುಮ್ನೆ ಹೇಳುತ್ತಿಲ್ಲ, ಅಳು ಬರುವಷ್ಟು ಕೆಟ್ಟದಾಗಿತ್ತು. ತಗಡಿನ ಡಬ್ಬದಲ್ಲಿ ಕೂತು ಹಾಡಿದ ಹಾಗೆ, ಕೀರಲು.

ಒಳಗಿನ ಬೋರ್ಡನ್ನು ನಾನು ಕೀಳಾಗಿ ನೋಡಿದ್ದೆ. ಅದು ಬರೀ ಹಂಚುವ ಕೆಲಸ ಮಾಡುತ್ತಿರಲಿಲ್ಲ. ನನ್ನ ಟ್ವೀಟರ್ ವೂಫರಿಗಿಂತ ಜೋರು, ಅದನ್ನು ತಗ್ಗಿಸಲು ಅಲ್ಲಿ ರೆಸಿಸ್ಟರ್‌ಗಳಿದ್ದವು. ಇನ್ನೊಂದು ಸೂಕ್ಷ್ಮ ಇದೆ. ನನ್ನ ಸ್ಪೀಕರಿನ ಮುಖ 20 ಸೆಂಟಿಮೀಟರ್ ಅಗಲ. ಎತ್ತರದ ಸ್ವರಗಳಿಗೆ ಆ ಮುಖ ಗೋಡೆಯ ಹಾಗೆ, ಎಲ್ಲವನ್ನೂ ಮುಂದಕ್ಕೇ ತಳ್ಳುತ್ತದೆ. ಸುಮಾರು 600 ಹರ್ಟ್ಸಿನಿಂದ ಕೆಳಗೆ ಬಂದ ಹಾಗೆ ಅಲೆಗಳು ಪೆಟ್ಟಿಗೆಯನ್ನು ಬಳಸಿಕೊಂಡು ಹಿಂದಕ್ಕೂ ಹೋಗಿಬಿಡುತ್ತವೆ. ಮುಂದೆ ಕೂತವರಿಗೆ ಕೆಳಗಿನ ಸ್ವರಗಳು 6 ಡೆಸಿಬಲ್ ತನಕ ಕಡಿಮೆಯಾಗುತ್ತವೆ. ಇದನ್ನೂ ಆ ಬೋರ್ಡ್ ಸರಿಮಾಡುತ್ತಿತ್ತು. ಅದನ್ನು ಕಿತ್ತು, 2200 ಅಂತ ಒಂದು ಸಂಖ್ಯೆ ಒತ್ತಿ, ಹಾಡು ಅಂದರೆ ಹೇಗೆ ಹಾಡೀತು?

ಅಳತೆ ಮೈಕ್ ತರಿಸಿದ್ದು ಆಗ. ನಾಲ್ಕು ಸಂಜೆ ಹಿಡಿಯಿತು. ಸದ್ದು ಅಳೆಯಲು ಪುಕ್ಕಟೆ ಸಿಗುವ ಆರ್‌ಇಡಬ್ಲ್ಯೂ ತಂತ್ರಾಂಶ, ಮೈಕ್ ಒಂದು ಮೀಟರಿನಲ್ಲಿ, ಕಿಟಕಿ ಮುಚ್ಚಿ ಊಯ್ ಅಂತ ಏರುವ ಸದ್ದು ನೂರು ಸಲ. ಟ್ವೀಟರ್ ತಗ್ಗಿಸಿದೆ. ಬೇಸಿನ ಕಡೆ ನಿಧಾನವಾಗಿ ಏರಿಸಿದೆ. ಟ್ವೀಟರಿಗಿಂತ ವೂಫರಿನ ಸದ್ದು ಹುಟ್ಟುವ ಜಾಗ ಎರಡೂವರೆ ಸೆಂಟಿಮೀಟರ್ ಹಿಂದಿತ್ತು. ಸದ್ದಿಗೆ ಒಂದು ಮಿಲಿಸೆಕೆಂಡಿಗೆ 34 ಸೆಂಟಿಮೀಟರ್ ವೇಗ. ಹಾಗಾಗಿ ಟ್ವೀಟರನ್ನು 0.07 ಮಿಲಿಸೆಕೆಂಡ್ ತಡೆದೆ. ಸರಿ ಕೂತಿದೆಯಾ ಅಂತ ತಿಳಿಯಲು ಒಂದು ಒಳ್ಳೆಯ ಉಪಾಯ ಇದೆ. ಟ್ವೀಟರಿನ ಪ್ಲಸ್ ಮೈನಸ್ ಬೇಕಂತಲೇ ಉಲ್ಟಾ ಮಾಡಿ ಅಳೆಯಿರಿ. ಗಡಿಯಲ್ಲಿ ಬಾವಿಯಷ್ಟು ಆಳದ ತಗ್ಗು ಬಿದ್ದರೆ ಎರಡೂ ಒಂದೇ ಹೆಜ್ಜೆಯಲ್ಲಿವೆ ಅಂತ ಅರ್ಥ. ಬರೀ ಅರೆಬರೆ ಹಳ್ಳ ಬಿದ್ದರೆ ಇನ್ನೂ ಕೆಲಸ ಇದೆ. ನಾಲ್ಕನೇ ಸಂಜೆ ನನಗೆ ಆ ಬಾವಿ ಕಾಣಿಸಿತು. ಪ್ಲಸ್ ಮೈನಸ್ ಸರಿಮಾಡಿದೆ, ಗೆರೆ ಸಮತಟ್ಟಾಯಿತು.

ಇನ್ನೂ ಒಂದು ತೊಡಕು ಉಳಿದಿತ್ತು. ಹಾಡು ನಿಂತಾಗ ಟ್ವೀಟರಿನಿಂದ ಸುಯ್ ಅನ್ನುವ ಸದ್ದು. ಮೊದಲು ರೆಸಿಸ್ಟರ್‌ಗಳು ಈ ಸುಯ್ಯನ್ನೂ ತಗ್ಗಿಸುತ್ತಿದ್ದವು. ಈಗ ಡಿಜಿಟಲ್ ಪೆಟ್ಟಿಗೆಯ ಸಣ್ಣ ಗದ್ದಲವನ್ನು 29 ಡೆಸಿಬಲಿನ ಆಂಪ್ ದೊಡ್ಡದು ಮಾಡಿ ನೇರ ಟ್ವೀಟರಿಗೆ ಕೊಡುತ್ತಿತ್ತು. ಗೇನ್ ಕಡಿಮೆ ಇರುವ ಆಂಪ್ ಬೇಕು. ವಾಟ್ ಜಾಸ್ತಿ ಬೇಕಿಲ್ಲ. ಬೇಸಿನ ವೋಲ್ಟೇಜ್ ಅದಕ್ಕೆ ಬರುವುದೇ ಇಲ್ಲವಲ್ಲ.

ಕಪಾಟಿನ ಮೇಲೆ ಬಟ್ಟೆ ಹೊದ್ದು ಕೂತಿದ್ದ 25 ವಾಟಿನ ಕ್ಲಾಸ್ ಎ ನೆನಪಾಯಿತು.

ಮೊದಲ ಜೋಡಣೆಯಲ್ಲಿ ಉಸಿರುಗಟ್ಟಿದ್ದ ಆಂಪ್ ಇಲ್ಲಿ ಆರಾಮಾಗಿ ಕೂತಿತು. ಸುಯ್ ಮೂರು ಡೆಸಿಬಲ್ ಇಳಿಯಿತು. ಈಗ ಕಿವಿಯನ್ನು ಟ್ವೀಟರಿಗೆ ಹಚ್ಚಿದರೆ ಕೇಳುತ್ತದೆ, ಕುರ್ಚಿಗೆ ಬಂದರೆ ಇಲ್ಲ. ಗೇನಿನ ವ್ಯತ್ಯಾಸವನ್ನು ಡಿಜಿಟಲ್ ಪೆಟ್ಟಿಗೆಯಲ್ಲೇ ಸರಿಮಾಡಿದೆ.

ಧ್ವನಿಯ ಬಗ್ಗೆ ಹೇಳಬೇಕಾದದ್ದು ಇಷ್ಟು. ಮೆಲ್ಲಗೆ ಕೇಳುವಾಗ ಹಳೆಯದಕ್ಕೂ ಇದಕ್ಕೂ ಅಂಥ ದೊಡ್ಡ ಅಂತರ ಇಲ್ಲ. ತಂಬೂರಿಯ ಝೇಂಕಾರ ಸ್ವಲ್ಪ ಹರಡಿಕೊಂಡ ಹಾಗೆ ಕೇಳುತ್ತದೆ, ಅದೂ ನನ್ನ ಭ್ರಮೆ ಇರಬಹುದು. ಜೋರು ಮಾಡಿದಾಗ ಮಾತ್ರ ಗೊತ್ತಾಗುತ್ತದೆ. ತನಿ ಆವರ್ತನದಲ್ಲಿ ಎಡಭಾಗದ ಪೆಟ್ಟು ಹೊಟ್ಟೆಗೆ ತಾಗುವಾಗಲೂ ಖಂಜಿರದ ಬಿಲ್ಲೆಗಳ ಸದ್ದು ಕೆಡುವುದಿಲ್ಲ. ಕೇಳುತ್ತಾ ಕೇಳುತ್ತಾ ವಾಲ್ಯೂಮ್ ಎಷ್ಟು ಏರಿಸಿದ್ದೇನೆ ಅನ್ನುವುದೇ ತಿಳಿಯುವುದಿಲ್ಲ. ಮನೆಯವರು ಬಾಗಿಲು ಬಡಿದಾಗ ತಿಳಿಯುತ್ತದೆ. ಇದರಲ್ಲಿ ಆಂಪಿನ ಪಾಲು ಎಷ್ಟು, ನಾಲ್ಕು ಸಂಜೆಯ ಅಳತೆಯ ಪಾಲು ಎಷ್ಟು ಅಂತ ಕೇಳಿದರೆ, ಅಳತೆಯದೇ ಜಾಸ್ತಿ ಅನ್ನುತ್ತೇನೆ. ಕೋಣೆಯಿಂದಾಗಿ 45 ಹರ್ಟ್ಸಿನಲ್ಲಿ ಒಂದು ಉಬ್ಬು ಇತ್ತು, ಎಷ್ಟು ಆಂಪ್ ತಂದರೂ ಅಲ್ಲಾಡದ್ದು. ಅದನ್ನು ಇಳಿಸಿದ್ದು ಡಿಜಿಟಲ್ ಪೆಟ್ಟಿಗೆಯ ಒಂದು ಫಿಲ್ಟರ್.

ಮೂರನೇ ಜೋಡಣೆಗೆ ನಾಲ್ಕೂವರೆ. ಅರ್ಧ ಕಳೆದದ್ದು ಸ್ವಿಚ್ಚಿನ ಸಲುವಾಗಿ. ಆನ್ ಮಾಡುವಾಗ ಮೊದಲು ಪ್ರೀ-ಆಂಪ್, ಆಮೇಲೆ ಕ್ರಾಸ್‌ಓವರ್, ಕೊನೆಗೆ ಎರಡು ಆಂಪ್. ಆಫ್ ಮಾಡುವಾಗ ಉಲ್ಟಾ. ಮನೆಯಲ್ಲಿ ಬೇರೆ ಯಾರಿಗೂ ಇದರಲ್ಲಿ ಹಾಡು ಹಾಕುವ ಧೈರ್ಯ ಇಲ್ಲ. ಒಂದು ಚೀಟಿ ಬರೆದು ಅಂಟಿಸಿದ್ದೇನೆ, ಆದರೂ ಯಾರೂ ಮುಟ್ಟುವುದಿಲ್ಲ. ಬೆಸುಗೆ ಹಾಕಲು ಬಾರದವರಿಗೆ, ಗೆರೆ ನೋಡಿ ನಾಲ್ಕು ಸಂಜೆ ಕಳೆಯುವುದು ಬೇಸರ ಅನ್ನುವವರಿಗೆ ನಾನಿದನ್ನು ಹೇಳುವುದಿಲ್ಲ. ಕಾರ್ಖಾನೆಯಲ್ಲೇ ಹೀಗೆ ಮಾಡಿ, ಒಳಗೇ ಆಂಪ್ ಕೂರಿಸಿ ಕೊಡುವ ಆಕ್ಟಿವ್ ಸ್ಪೀಕರ್‌ಗಳಿವೆ, ಅವನ್ನು ತಗೊಳ್ಳಿ.

ಎರಡನೇ 100 ವಾಟಿನ ಆಂಪಿಗೆ ಈಗ ಕೆಲಸ ಇಲ್ಲ. ಹೋದ ವಾರ ತಮ್ಮ ಬಂದವನು ಅದರ ಮೇಲೆ ಕೈ ಆಡಿಸುತ್ತಾ ನಿಂತ.

"ಅಕ್ಕಾ, ನನ್ನ ಸ್ಪೀಕರಿಗೂ ಹಿಂದೆ ನಾಲ್ಕು ತಿರುಪು ಇವೆ."

ತಗೊಂಡು ಹೋಗೋ, ಆದರೆ ನಿನ್ನ ಹಳೇ ಆಂಪ್ ಬಿಚ್ಚಿ ಇದೊಂದನ್ನೇ ಹಾಕು, ಪಟ್ಟಿ ಬಿಚ್ಚಬೇಡ ಅಂದೆ. ಹೂಂ ಅಂದ. ಕಾರಿಗೆ ಹೊತ್ತು ಹಾಕಿ, ಮತ್ತೆ ಒಳಗೆ ಬಂದು, ನಿನ್ನ ಹತ್ತಿರ ವೈ ಕೇಬಲ್ ಇತ್ತಲ್ಲ, ಅದು ಎಲ್ಲಿದೆ ಅಂತ ಕೇಳಿದ.